ಎಡಿಟರ್ ಒಳಗೆ ಎಐ: ಹಾಕ್ಕೊಳ್ಳೋದು ಹೇಗೆ, ಹತೋಟಿಲಿ ಇಟ್ಕೊಳ್ಳೋದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು, ಕೋಡ್ ಎಡಿಟರ್ ಒಳಗೆ ಎಐ ಅಸಿಸ್ಟೆಂಟ್ ಹಾಕ್ಕೊಳ್ಳೋದು. ಹಾಗಾಗಿ ಉಳಿದ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇಲ್ಲಿ ಪೂರ್ತಿ ಇದನ್ನೇ ತಗೊಂಡಿದೀನಿ. ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ಇನ್‌ಸ್ಟಾಲ್ ಮಾಡೋದು ಐದು ನಿಮಿಷದ ಕೆಲಸ. ಅದಾದ್ಮೇಲೆ ಅದರ ಕಣ್ಣಿಗೆ ಏನೇನು ಬೀಳ್ಬೇಕು, ನಮ್ಮನ್ನ ಕೇಳದೆ ಏನೇನು ಮಾಡ್ಬಹುದು ಅಂತ ಕೂತು ತೀರ್ಮಾನ ಮಾಡೋದಿದೆಯಲ್ಲ, ನನ್ನ ಪ್ರಕಾರ ಸೆಟಪ್ ಅಂದ್ರೆ ಅದೇ, ಬಹಳ ಜನ ಆ ಭಾಗಕ್ಕೆ ಕೈನೇ ಹಾಕಲ್ಲ.

ಪ್ರಶ್ನೆ: ಮೇಡಂ, ನಾನು ಡಿಗ್ರಿ ವಿದ್ಯಾರ್ಥಿನಿ. ವಿಎಸ್ ಕೋಡ್ ಅನ್ನೋ ಎಡಿಟರ್ ಬಳಸ್ತೀನಿ. ಎಐ ಹಾಕ್ಬೇಕು ಅಂತ ಎಕ್ಸ್‌ಟೆನ್ಶನ್ ಹುಡುಕಿದ್ರೆ ನೂರಾರು ಬರ್ತಾವೆ, ಯಾವುದನ್ನ ಹಾಕ್ಲಿ? ನನ್ನ ಎಡಿಟರ್ ಆಗ್ಲೇ ಅರ್ಧ ಟೈಪ್ ಮಾಡಿದ್ರೆ ಉಳಿದಿದ್ದು ತೋರಿಸತ್ತಲ್ಲ, ಅದೇ ಎಐ ಅಲ್ವಾ?

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ. ನೀವು ಡಾಟ್ ಒತ್ತಿದ ತಕ್ಷಣ ಕೆಳಗೆ ಪಟ್ಟಿ ಥರ ಬರತ್ತಲ್ಲ, ಅದು ಸಾಮಾನ್ಯವಾಗಿ ಲ್ಯಾಂಗ್ವೇಜ್ ಸರ್ವರ್ (ಆ ಪ್ರೋಗ್ರಾಮಿಂಗ್ ಭಾಷೆಯ ನಿಯಮ ಗೊತ್ತಿರೋ ಒಂದು ಸಹಾಯಕ ಪ್ರೋಗ್ರಾಮು) ಕೊಡೋದು. 2016ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಅಂತ ಒಂದು ಪ್ರೋಟೊಕಾಲ್ ಹೊರಗೆ ತಂದ್ಮೇಲೆ ಬಹಳಷ್ಟು ಎಡಿಟರ್‌ಗಳಿಗೆ ಈ ಸೌಲಭ್ಯ ಸುಲಭವಾಗಿ ಬಂತು. ಅದು ನಿಮ್ಮ ಕೋಡನ್ನ ಬಿಡಿಸಿ ಓದಿ, ಈ ಆಬ್ಜೆಕ್ಟ್‌ಗೆ ಈ ಮೆಥಡ್‌ಗಳಿವೆ ಅಂತ ಲೆಕ್ಕ ಹಾಕಿ ಹೇಳತ್ತೆ, ಊಹೆ ಮಾಡೋದು ತುಂಬಾ ಕಮ್ಮಿ. ಎಐ ಸಲಹೆ ಬರೋದು ಕರ್ಸರ್ ಮುಂದೆ ಬೂದು ಬಣ್ಣದಲ್ಲಿ, ಕೆಲವು ಸಲ ಇಡೀ ಫಂಕ್ಷನ್ನೇ ಬರತ್ತೆ, ಅದು ಪೂರ್ತಿ ಊಹೆ. ಊಹೆ ಅಂದ ಮಾತ್ರಕ್ಕೆ ಕೆಟ್ಟದು ಅಂತಲ್ಲ, ಹತ್ತಕ್ಕೆ ಏಳು ಸಲ ಬೇಕಾಗಿದ್ದೇ ಬಂತು ಅಂತ ಅನ್ನಿಸ್ಬಹುದು, ಆದ್ರೆ ಪಟ್ಟಿಯಿಂದ ಬಂದಿದ್ದನ್ನ ನಂಬೋ ಥರ ಬೂದು ಅಕ್ಷರಾನ ನಂಬೋಕಾಗಲ್ಲ. ಎರಡೂ ಟೈಪ್ ಮಾಡುವಾಗ ಅಕ್ಕಪಕ್ಕದಲ್ಲೇ ಬರೋದ್ರಿಂದ ಹೊಸಬರಿಗೆ ಈ ವ್ಯತ್ಯಾಸ ಕಾಣಲ್ಲ, ನೀವು ಕೇಳಿದ್ದು ಒಳ್ಳೇದೇ ಆಯ್ತು.

ಈಗ ಯಾವುದು ಹಾಕ್ಬೇಕು ಅನ್ನೋದು. ವಿಎಸ್ ಕೋಡ್‌ನಲ್ಲೇ ಶುರು ಮಾಡೋರಿಗೆ ನಾನು ಗಿಟ್‌ಹಬ್ ಕೋಪೈಲಟ್ ಹೇಳ್ತೀನಿ, ಅದೇ ಎಲ್ಲಕ್ಕಿಂತ ಚೆನ್ನಾಗಿದೆ ಅಂತಲ್ಲ, ಸೆಟಪ್ ಕಮ್ಮಿ ಅಂತ. 2021ರಲ್ಲಿ ಪ್ರಿವ್ಯೂ ಬಂತು, 2022ರಲ್ಲಿ ಎಲ್ಲರಿಗೂ ಸಿಕ್ತು, 2024ರ ಡಿಸೆಂಬರ್‌ನಲ್ಲಿ ದುಡ್ಡಿಲ್ಲದ ಪ್ಲಾನ್ ಕೂಡ ಬಂತು. ಆಗ ಇದ್ದ ಮಿತಿ ತಿಂಗಳಿಗೆ 2,000 ಕಂಪ್ಲೀಷನ್ (ಅಂದ್ರೆ ಆ ಬೂದು ಸಲಹೆ), 50 ಚಾಟ್ ಮೆಸೇಜು. ಇಂಥ ಮಿತಿಗಳು ಬದಲಾಗ್ತಾ ಇರ್ತಾವೆ, ಸೈನ್ ಇನ್ ಆಗೋ ಮುಂಚೆ ಅವರ ಪುಟದಲ್ಲಿ ಈಗ ಎಷ್ಟಿದೆ ಅಂತ ನೋಡ್ಕೊಳ್ಳಿ, ವಿದ್ಯಾರ್ಥಿಗಳಿಗೆ ಏನಿದೆ ಅಂತಾನೂ ಅಲ್ಲೇ ಸಿಗತ್ತೆ. ಈಗಿನ ವಿಎಸ್ ಕೋಡ್‌ನಲ್ಲಿ ಕೆಳಗಿನ ಸ್ಟೇಟಸ್ ಬಾರ್‌ನಲ್ಲೇ ಕೋಪೈಲಟ್ ಐಕಾನ್ ಇರತ್ತೆ, ಅದನ್ನ ಒತ್ತಿ ಗಿಟ್‌ಹಬ್ ಅಕೌಂಟ್‌ನಿಂದ ಸೈನ್ ಇನ್ ಆದ್ರೆ ಮುಗೀತು. ಕರ್ಸರ್, ವಿಂಡ್‌ಸರ್ಫ್ ಅಂತ ಕೇಳಿರ್ತೀರ, ಅವು ಎಕ್ಸ್‌ಟೆನ್ಶನ್ ಅಲ್ಲ, ವಿಎಸ್ ಕೋಡ್‌ನ ಓಪನ್ ಸೋರ್ಸ್ ಕೋಡ್ ತಗೊಂಡು ಮಾಡಿರೋ ಬೇರೆ ಎಡಿಟರ್‌ಗಳು. ಒಂದು ಅಭ್ಯಾಸ ಆದ್ಮೇಲೆ ಬೇಕಿದ್ರೆ ಆ ಕಡೆ ನೋಡಿ, ಮೊದಲ ದಿನಾನೇ ಮೂರು ಹಾಕ್ಕೊಳ್ಳೋಕೆ ಹೋಗ್ಬೇಡಿ, ಎರಡು ಕಂಪ್ಲೀಷನ್ ಟೂಲ್ ಒಂದೇ ಎಡಿಟರ್‌ನಲ್ಲಿ ಆನ್ ಇದ್ರೆ ಟ್ಯಾಬ್ ಒತ್ತಿದಾಗ ಯಾವುದರ ಸಲಹೆ ಒಳಗೆ ಬಂತು ಅಂತಾನೇ ಗೊತ್ತಾಗಲ್ಲ.

ಹಾಕಿದ ತಕ್ಷಣ ಮೂರು ಕೀ ಕಲೀರಿ. ಟ್ಯಾಬ್ ಒತ್ತಿದ್ರೆ ಸಲಹೆ ಪೂರ್ತಿ ಒಳಗೆ ಬರತ್ತೆ, ಎಸ್ಕೇಪ್ ಒತ್ತಿದ್ರೆ ಹೋಗತ್ತೆ, ಕಂಟ್ರೋಲ್ ಹಿಡ್ಕೊಂಡು ಬಲಗಡೆ ಬಾಣ ಒತ್ತಿದ್ರೆ ಒಂದೊಂದೇ ಪದ ಬರತ್ತೆ, ಮ್ಯಾಕ್ ಆದ್ರೆ ಕಮಾಂಡ್ ಕೀ. ಈ ಮೂರನೇದನ್ನ ದಯವಿಟ್ಟು ಅಭ್ಯಾಸ ಮಾಡ್ಕೊಳ್ಳಿ. ಸಲಹೆಯ ಮೊದಲ ಅರ್ಧ ಸರಿ ಇದ್ದು ಉಳಿದಿದ್ದು ಬೇಡದ್ದು ಇರೋದು ತುಂಬಾ ಸಲ ಆಗತ್ತೆ, ಪೂರ್ತಿ ತಗೊಂಡು ಆಮೇಲೆ ಅಳಿಸೋದಕ್ಕಿಂತ ಬೇಕಾದಷ್ಟೇ ತಗೊಳ್ಳೋದು ಒಳ್ಳೇದು, ಪದ ಪದ ತಗೊಳ್ಳುವಾಗ ಕಣ್ಣು ತಾನಾಗೇ ಓದತ್ತೆ.

ಎಕ್ಸ್‌ಟೆನ್ಶನ್ ಹುಡುಕುವಾಗ ಪಬ್ಲಿಷರ್ ಹೆಸರು ನೋಡಿ, ಅದರ ಪಕ್ಕ ವೆರಿಫೈಡ್ ಗುರುತು ಇದೆಯಾ ನೋಡಿ. ಡೌನ್‌ಲೋಡ್ ಸಂಖ್ಯೆ ಒಂದನ್ನೇ ನಂಬ್ಬೇಡಿ. 2025ರಲ್ಲಿ ಸಾಲಿಡಿಟಿ ಭಾಷೆಗೆ ಅಂತ ಇದ್ದ ಒಂದು ನಕಲಿ ಎಕ್ಸ್‌ಟೆನ್ಶನ್ ಹಾಕ್ಕೊಂಡ ಡೆವಲಪರ್ ಒಬ್ಬರು ಸುಮಾರು 5 ಲಕ್ಷ ಡಾಲರ್‌ನಷ್ಟು ಕ್ರಿಪ್ಟೊ ಕಳ್ಕೊಂಡ್ರು, ಅದು ಇದ್ದಿದ್ದು ಓಪನ್ ವಿಎಸ್‌ಎಕ್ಸ್ ಅನ್ನೋ ರಿಜಿಸ್ಟ್ರಿಯಲ್ಲಿ. ಎಕ್ಸ್‌ಟೆನ್ಶನ್ ಅಂದ್ರೆ ನಿಮ್ಮ ಕಂಪ್ಯೂಟರ್‌ನಲ್ಲಿ ನಿಮ್ಮ ಹಕ್ಕಿನಲ್ಲೇ ಓಡೋ ಪ್ರೋಗ್ರಾಮು, ಬಣ್ಣ ಬದಲಾಯಿಸೋ ಥೀಮ್ ಹಾಕಿದಷ್ಟು ಹಗುರವಾಗಿ ತಗೋಬಾರದು.

ಪ್ರಶ್ನೆ: ನಾನು ಒಂದು ಸಣ್ಣ ಕಂಪನಿಯಲ್ಲಿ ಪೈಥಾನ್ ಕೆಲಸ ಮಾಡ್ತೀನಿ. ಕೋಪೈಲಟ್ ಹಾಕಿ ತಿಂಗಳಾಯ್ತು. ಸಲಹೆ ಬರತ್ತೆ, ಆದ್ರೆ ನಮ್ಮ ಪ್ರಾಜೆಕ್ಟ್‌ಗೆ ಸಂಬಂಧಾನೇ ಇರಲ್ಲ. ನಾವು ಬಳಸದ ಲೈಬ್ರರಿ ಹಾಕತ್ತೆ, ದಿನಾಂಕ ಎಲ್ಲಾ ಉಲ್ಟಾ ಮಾಡತ್ತೆ. ಬೇರೆ ಟೂಲ್‌ಗೆ ಹೋಗ್ಲಾ?

ಟೂಲ್ ಬದಲಾಯಿಸೋ ಮುಂಚೆ ಅದಕ್ಕೆ ಏನು ಕಾಣ್ತಾ ಇದೆ ಅಂತ ನೋಡೋಣ. ಮಾಡೆಲ್‌ಗೆ, ಅಂದ್ರೆ ಸಲಹೆ ಬರೆಯೋ ಎಐಗೆ, ನಿಮ್ಮ ಪ್ರಾಜೆಕ್ಟ್ ಪೂರ್ತಿ ಗೊತ್ತಿರತ್ತೆ ಅನ್ನೋದು ತುಂಬಾ ಜನಕ್ಕಿರೋ ನಂಬಿಕೆ, ಹಾಗೇನಿಲ್ಲ. ನೀವು ಟೈಪ್ ಮಾಡುವಾಗ ಕರ್ಸರ್‌ನ ಹಿಂದೆ ಮುಂದೆ ಇರೋ ಒಂದಿಷ್ಟು ಸಾಲು, ತೆರೆದಿಟ್ಟಿರೋ ಬೇರೆ ಟ್ಯಾಬ್‌ಗಳಿಂದ ಸಂಬಂಧ ಇರಬಹುದು ಅನ್ನಿಸಿದ ಚೂರುಗಳು, ಇಷ್ಟನ್ನ ಜೋಡಿಸಿ ಎಕ್ಸ್‌ಟೆನ್ಶನ್ನು ಸರ್ವರ್‌ಗೆ ಕಳಿಸತ್ತೆ, ಅದರ ಮೇಲೆ ಉತ್ತರ ಬರತ್ತೆ. ಕಳಿಸಿದ್ರಲ್ಲಿ ನಿಮ್ಮ ತಂಡದ ಯುಟಿಲಿಟಿ ಫೈಲ್ ಇಲ್ಲ ಅಂದ್ರೆ ಅದರಲ್ಲಿರೋ ಫಂಕ್ಷನ್ ಬಳಸ್ಬೇಕು ಅಂತ ಅದಕ್ಕೆ ಹೊಳೆಯೋದು ಹೇಗೆ? ಹಾಗಾಗಿ ಮೊದಲನೇ ಕೆಲಸ, ಯಾವ ಫೈಲ್ ನೋಡ್ಕೊಂಡು ನೀವೇ ಕೋಡ್ ಬರೀತಿದ್ರೋ ಆ ಫೈಲ್ ತೆರೆದಿಡಿ, ಸಂಬಂಧ ಇಲ್ಲದ ಟ್ಯಾಬ್ ಮುಚ್ಚಿ. ಚಾಟ್‌ನಲ್ಲಿ ಕೇಳುವಾಗ ಹ್ಯಾಶ್ ಗುರುತು ಹಾಕಿ ಫೈಲ್ ಹೆಸರು ಸೇರಿಸಿ, ಹುಡುಕ್ಕೊಳ್ಳಲಿ ಅಂತ ಬಿಡ್ಬೇಡಿ.

ದಿನಾಂಕದ್ದು ಹತ್ತಿರದಿಂದ ನೋಡೋಣ, ಯಾಕಂದ್ರೆ ಇದು ತೀರಾ ಸಾಮಾನ್ಯ. ನೀವು ಬರೆದ ಕಾಮೆಂಟು "ಸ್ಟ್ರಿಂಗ್‌ನ ದಿನಾಂಕ ಮಾಡು" ಅಂತ ಇದ್ರೆ ಮಾಡೆಲ್ಲು ತಾನು ಹೆಚ್ಚು ನೋಡಿರೋ ರೀತಿ, ಅಂದ್ರೆ ತಿಂಗಳು ಮೊದಲು ದಿನ ಆಮೇಲೆ ಅಂತ ಫಾರ್ಮ್ಯಾಟ್ ಹಾಕ್ಬಿಡಬಹುದು. ನಿಮ್ಮ ಡೇಟಾದಲ್ಲಿ 03/04/2024 ಅಂತಿದೆ, ನಿಮಗದು ಏಪ್ರಿಲ್ 3, ಕೋಡ್‌ಗೆ ಮಾರ್ಚ್ 4. ಎರರ್ ಬರಲ್ಲ, ಕೋಡ್ ಸರಾಗವಾಗಿ ಓಡತ್ತೆ, ತಪ್ಪು ಲೆಕ್ಕ ಡೇಟಾಬೇಸ್‌ಗೆ ಹೋಗತ್ತೆ, 13/04/2024 ಬಂದಾಗ್ಲೇ ಹದಿಮೂರನೇ ತಿಂಗಳು ಯಾವುದು ಅಂತ ವ್ಯಾಲ್ಯೂ ಎರರ್ ಹೊಡೆಯತ್ತೆ. ಅಷ್ಟೊತ್ತಿಗೆ ತಿಂಗಳ ಮೊದಲ ಹನ್ನೆರಡು ದಿನದ ದಾಖಲೆ ಹೆಚ್ಚೂಕಮ್ಮಿ ಎಲ್ಲಾ ಕೆಟ್ಟಿರತ್ತೆ. ಅದೇ ಕಾಮೆಂಟನ್ನ "ದಿನ/ತಿಂಗಳು/ವರ್ಷ ರೂಪದ ಸ್ಟ್ರಿಂಗ್ ತಗೊಂಡು ಡೇಟ್ ಆಬ್ಜೆಕ್ಟ್ ಕೊಡು, ಖಾಲಿ ಇದ್ರೆ None ಕೊಡು, ರೂಪ ತಪ್ಪಿದ್ರೆ ವ್ಯಾಲ್ಯೂ ಎರರ್ ಎತ್ತು, ಉದಾಹರಣೆ 13/04/2024" ಅಂತ ಬರೀರಿ, ಬರೋ ಕೋಡ್ ಬೇರೇನೇ ಇರತ್ತೆ. ಇಷ್ಟೆಲ್ಲಾ ಬರೆಯೋದಾದ್ರೆ ಕೋಡೇ ಬರೀಬಹುದಲ್ಲ ಅಂತ ನಿಮಗನ್ನಿಸಬಹುದು. ಎರಡು ಸಾಲಿನ ಫಂಕ್ಷನ್‌ಗೆ ಹೌದು, ಕೋಡೇ ಬರೀರಿ, ನಾನೂ ಹಾಗೇ ಮಾಡ್ತೀನಿ.

ಪದೇ ಪದೇ ಹೇಳೋ ವಿಷಯಗಳಿಗೆ ಒಂದು ಸೂಚನೆ ಫೈಲ್ ಇಡಿ. ಕೋಪೈಲಟ್‌ಗಾದ್ರೆ ಪ್ರಾಜೆಕ್ಟ್‌ನ ಡಾಟ್ ಗಿಟ್‌ಹಬ್ ಫೋಲ್ಡರ್ ಒಳಗೆ ಕೋಪೈಲಟ್-ಇನ್‌ಸ್ಟ್ರಕ್ಷನ್ಸ್ ಡಾಟ್ ಎಂಡಿ ಅನ್ನೋ ಫೈಲು, ಕ್ಲಾಡ್ ಕೋಡ್ ಅನ್ನೋ ಇನ್ನೊಂದು ಎಐ ಟೂಲ್‌ಗಾದ್ರೆ ಕ್ಲಾಡ್ ಡಾಟ್ ಎಂಡಿ, ಇನ್ನು ಬಹಳಷ್ಟು ಟೂಲ್‌ಗಳು ಏಜೆಂಟ್ಸ್ ಡಾಟ್ ಎಂಡಿ ಓದ್ತಾವೆ. ಅದರಲ್ಲಿ ಪ್ರಬಂಧ ಬರೀಬೇಡಿ. "ಪೈಥಾನ್ 3.11. ಟೆಸ್ಟ್‌ಗೆ ಪೈಟೆಸ್ಟ್. ದಿನಾಂಕ ಯಾವಾಗ್ಲೂ ದಿನ/ತಿಂಗಳು/ವರ್ಷ, ಅದಕ್ಕೆ ಯುಟಿಲ್ಸ್ ಒಳಗಿನ ನಮ್ಮ ಫಂಕ್ಷನ್ನೇ ಬಳಸು. ಹೊಸ ಲೈಬ್ರರಿ ಸೇರಿಸೋ ಮುಂಚೆ ಕೇಳು. ಮೈಗ್ರೇಶನ್ಸ್ ಫೋಲ್ಡರ್ ಮುಟ್ಬೇಡ." ಇಷ್ಟು ಸಾಕು. ಅದು ತಪ್ಪು ಮಾಡಿದಾಗೆಲ್ಲ ಒಂದು ಸಾಲು ಸೇರಿಸ್ತಾ ಹೋಗಿ, ಹಳೇದಾಗಿರೋದನ್ನ ತೆಗೀತಾ ಇರಿ, ಗಿಟ್‌ನಲ್ಲಿ (ಕೋಡ್‌ನ ಹಳೇ ಪ್ರತಿಗಳನ್ನ ಉಳಿಸಿಡೋ ಟೂಲು) ಹಾಕಿಟ್ರೆ ತಂಡಕ್ಕೆಲ್ಲ ಒಂದೇ ಸೂಚನೆ ಇರತ್ತೆ. ಒಂದು ತಿಳ್ಕೊಳ್ಳಿ, ಕೋಪೈಲಟ್‌ನಲ್ಲಿ ಈ ಫೈಲ್ ಕೆಲಸಕ್ಕೆ ಬರೋದು ಚಾಟ್ ಮತ್ತು ಏಜೆಂಟ್‌ಗೆ (ತಾನೇ ಫೈಲ್ ಬರೆದು ಕಮಾಂಡ್ ಓಡಿಸೋ ಎಐ), ಟೈಪ್ ಮಾಡುವಾಗ ಬರೋ ಬೂದು ಅಕ್ಷರಕ್ಕಲ್ಲ. ಅಲ್ಲಿಗೆ ತೆರೆದ ಟ್ಯಾಬ್ಬು, ಕಾಮೆಂಟೇ ಗತಿ.

ಪ್ರಶ್ನೆ: ಎಐ ಹೇಳಿದ ಪ್ಯಾಕೇಜ್ ಪಿಪ್‌ನಲ್ಲಿ (ಪೈಥಾನ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಟೂಲು) ಹಾಕೋಕೆ ಹೋದ್ರೆ ಅಂಥ ಪ್ಯಾಕೇಜೇ ಇಲ್ಲ ಅಂತು. ಹೀಗೂ ಆಗತ್ತಾ?

ಆಗತ್ತೆ, ಪ್ಯಾಕೇಜ್ ಇಲ್ಲ ಅಂತ ಬಂದಿದ್ದು ನಿಮ್ಮ ಪುಣ್ಯ. ಇದ್ದಿದ್ರೆ ಇನ್ನೂ ಕಷ್ಟ ಆಗ್ತಿತ್ತು. ಮಾಡೆಲ್ಲು ಕೇಳೋಕೆ ಸರಿ ಅನ್ನಿಸೋ ಹೆಸರು ಕಟ್ಟಿಬಿಡತ್ತೆ, ಅದೇ ಹೆಸರನ್ನ ಬೇರೆಯವರಿಗೂ ಹೇಳತ್ತೆ, ಯಾರೋ ಕೆಟ್ಟವರು ಅದನ್ನ ಗಮನಿಸಿ ಆ ಹೆಸರಲ್ಲಿ ವೈರಸ್ ತುಂಬಿದ ಪ್ಯಾಕೇಜ್ ಹಾಕಿಟ್ರೆ ನೀವು ಇನ್‌ಸ್ಟಾಲ್ ಮಾಡ್ತೀರಿ, ಕಥೆ ಮುಗೀತು. 16 ಮಾಡೆಲ್‌ಗಳಿಂದ 5.76 ಲಕ್ಷ ಕೋಡ್ ತುಣುಕು ಬರೆಸಿ ನೋಡಿದ ಒಂದು ಸಂಶೋಧನೆಯಲ್ಲಿ ಇಲ್ಲದ ಪ್ಯಾಕೇಜ್ ಹೆಸರು ಹೇಳೋ ಪ್ರಮಾಣ ವಾಣಿಜ್ಯ ಮಾಡೆಲ್‌ಗಳಲ್ಲಿ ಸರಾಸರಿ ಕಮ್ಮಿ ಅಂದ್ರೂ ಶೇ 5.2, ಓಪನ್ ಸೋರ್ಸ್ ಮಾಡೆಲ್‌ಗಳಲ್ಲಿ ಶೇ 21.7 ಬಂತು. ಇನ್ನೊಬ್ಬ ಭದ್ರತಾ ಸಂಶೋಧಕರು, ಎಐಗಳು ಸುಮ್ಮನೆ ಕಟ್ಟಿ ಹೇಳ್ತಿದ್ದ ಹಗ್ಗಿಂಗ್‌ಫೇಸ್-ಸಿಎಲ್‌ಐ ಅನ್ನೋ ಹೆಸರಲ್ಲಿ ಖಾಲಿ ಪ್ಯಾಕೇಜ್ ಹಾಕಿ ನೋಡಿದ್ರು, ಮೂರು ತಿಂಗಳಲ್ಲಿ 30,000ಕ್ಕೂ ಹೆಚ್ಚು ಡೌನ್‌ಲೋಡ್ ಆಯ್ತು. ಅದು ಖಾಲಿ ಇದ್ದಿದ್ದಕ್ಕೆ ಯಾರಿಗೂ ಏನೂ ಆಗ್ಲಿಲ್ಲ. ಹೊಸ ಹೆಸರು ಬಂದಾಗ ಪೈಪಿಐ (ಪೈಥಾನ್ ಪ್ಯಾಕೇಜ್‌ಗಳ ತಾಣ) ಅಥವಾ ಎನ್‌ಪಿಎಂ (ಜಾವಾಸ್ಕ್ರಿಪ್ಟ್‌ನದ್ದು) ಪುಟಕ್ಕೇ ಹೋಗಿ ಯಾವಾಗ ಶುರುವಾಗಿದ್ದು, ಸೋರ್ಸ್ ಕೋಡ್ ಎಲ್ಲಿದೆ, ಮೂಲ ಪ್ರಾಜೆಕ್ಟ್‌ನ ಡಾಕ್ಯುಮೆಂಟೇಶನ್‌ನಲ್ಲಿ ಇದೇ ಹೆಸರಿದೆಯಾ ಅಂತ ನೋಡಿ ಆಮೇಲೆ ಹಾಕಿ.

ಪ್ರಶ್ನೆ: ಮೇಡಂ, ನಮ್ಮ ಆಫೀಸಲ್ಲಿ ಕೋಡ್ ಹೊರಗೆ ಹೋಗ್ಬಾರದು ಅಂತ ನಿಯಮ ಇದೆ. ಇಂಟರ್ನೆಟ್ ಇಲ್ಲದೆ ಎಐ ಓಡಿಸ್ಬಹುದಾ? ನನ್ನ ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ್‍ಯಾಮ್ ಇದೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ.

ಓಡಿಸ್ಬಹುದು, ನಿರೀಕ್ಷೆ ಸ್ವಲ್ಪ ಕಮ್ಮಿ ಇಟ್ಕೋಬೇಕು ಅಷ್ಟೆ. ಮೊದಲು ಒಂದು ವಿಷಯ, ಕೋಡ್ ಹೊರಗೆ ಹೋಗಲ್ಲ ಅಂದ ಮಾತ್ರಕ್ಕೆ ಅನುಮತಿ ಸಿಕ್ಕ ಹಾಗಲ್ಲ, ಏನು ಹಾಕ್ತಿದೀನಿ ಅಂತ ಆಫೀಸಲ್ಲಿ ಹೇಳಿ, ಮೇಲ್‌ನಲ್ಲಿ ಒಪ್ಪಿಗೆ ತಗೊಂಡೇ ಶುರು ಮಾಡಿ.

ಇದಕ್ಕೆ ಎರಡು ತುಂಡು ಬೇಕು. ಮಾಡೆಲ್ ಓಡಿಸೋದಕ್ಕೆ ಒಲ್ಲಾಮಾ, ಎಡಿಟರ್‌ಗೆ ಅದನ್ನ ಜೋಡಿಸೋದಕ್ಕೆ ಕಂಟಿನ್ಯೂ ಅನ್ನೋ ಓಪನ್ ಸೋರ್ಸ್ ಎಕ್ಸ್‌ಟೆನ್ಶನ್. ಒಲ್ಲಾಮಾ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರಕ್ಕೂ ಇದೆ. ಹಾಕಿದ್ಮೇಲೆ ಟರ್ಮಿನಲ್‌ನಲ್ಲಿ ಒಲ್ಲಾಮಾ ಪುಲ್ ಅಂತ ಬರೆದು ಮಾಡೆಲ್ ಹೆಸರು ಕೊಟ್ರೆ ಡೌನ್‌ಲೋಡ್ ಆಗತ್ತೆ, ಇಂಟರ್ನೆಟ್ ಬೇಕಾಗೋದು ಆಗ ಮಾತ್ರ. ಆಮೇಲೆ ಅದು ನಿಮ್ಮ ಕಂಪ್ಯೂಟರ್‌ನಲ್ಲೇ 11434 ಅನ್ನೋ ಪೋರ್ಟ್‌ನಲ್ಲಿ ಕಾಯ್ತಾ ಇರತ್ತೆ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ಅಂತ ಹಾಕಿ ಕೋಲನ್ ಆದ್ಮೇಲೆ ಆ ಸಂಖ್ಯೆ ಕೊಟ್ರೆ ಒಲ್ಲಾಮಾ ಓಡ್ತಿದೆ ಅಂತ ಒಂದು ಸಾಲು ಬರತ್ತೆ, ಬಂತು ಅಂದ್ರೆ ಅರ್ಧ ಕೆಲಸ ಆಯ್ತು.

ಯಾವ ಮಾಡೆಲ್ಲು? ಕ್ವೆನ್ 2.5 ಕೋಡರ್ ಕುಟುಂಬದಲ್ಲಿ ಅರ್ಧ ಬಿಲಿಯನ್ ಪ್ಯಾರಾಮೀಟರ್‌ನಿಂದ (ಮಾಡೆಲ್ ಒಳಗಿನ ಸಂಖ್ಯೆಗಳು, ಗಾತ್ರ ಅಳೆಯೋದು ಇವುಗಳಿಂದ) 32 ಬಿಲಿಯನ್‌ವರೆಗೂ ಗಾತ್ರಗಳಿವೆ, ಅದಾದ್ಮೇಲೆ ಹೊಸವೂ ಬಂದಿವೆ, ಆದ್ರೆ ನಿಮ್ಮಂಥ ಮೆಷಿನ್‌ಗೆ ಸಣ್ಣ ಗಾತ್ರ ಇರೋದೇ ಮುಖ್ಯ. 7 ಬಿಲಿಯನ್‌ನದ್ದು ಒಲ್ಲಾಮಾದಲ್ಲಿ ಸುಮಾರು 4.7 ಜಿಬಿ, ಒಂದೂವರೆ ಬಿಲಿಯನ್‌ನದ್ದು ಹತ್ತಿರ ಹತ್ತಿರ 1 ಜಿಬಿ. ಮಾಡೆಲ್ ಪೂರ್ತಿ ಮೆಮೊರಿಯಲ್ಲಿ ಕೂರ್ಬೇಕು, ಅದರ ಮೇಲೆ ನೀವು ಕಳಿಸೋ ಕೋಡ್‌ಗೂ ಜಾಗ ಬೇಕು, ಬ್ರೌಸರ್ರು ಎಡಿಟರ್ರು ಬೇರೆ ತಿಂತಿರ್ತಾವೆ. ಹಾಗಾಗಿ 16 ಜಿಬಿಯಲ್ಲಿ ಚಾಟ್‌ಗೆ 7 ಬಿಲಿಯನ್, ಕಂಪ್ಲೀಷನ್‌ಗೆ ಒಂದೂವರೆ ಬಿಲಿಯನ್, ಇದು ನಾನು ಹೇಳೋ ಜೋಡಿ. ಕಂಪ್ಲೀಷನ್‌ಗೆ ಯಾಕೆ ಸಣ್ಣದು ಅಂದ್ರೆ ಅಲ್ಲಿ ವೇಗಾನೇ ಎಲ್ಲಾ, ಸಲಹೆ ಮೂರು ಸೆಕೆಂಡ್ ತಡ ಆದ್ರೆ ಅಷ್ಟೊತ್ತಿಗೆ ನೀವೇ ಸಾಲು ಮುಗಿಸಿರ್ತೀರಿ. ಗ್ರಾಫಿಕ್ಸ್ ಕಾರ್ಡ್ ಇಲ್ಲದೆ 7 ಬಿಲಿಯನ್ ಚಾಟ್ ನಿಧಾನ ಆಗತ್ತೆ, ಕೇಳಿ ಬಿಟ್ಟು ಬೇರೆ ಕೆಲಸ ನೋಡ್ಕೊಂಡು ಬರೋ ಹಾಗಿರತ್ತೆ.

ಇಲ್ಲಿ ತುಂಬಾ ಜನ ಎಡವೋ ಜಾಗ ಒಂದಿದೆ. ಚಾಟ್‌ಗೆ ತರಬೇತಿ ಕೊಟ್ಟ ಯಾವುದೋ ಮಾಡೆಲ್ಲನ್ನೇ ಕಂಪ್ಲೀಷನ್‌ಗೂ ಹಾಕಿದ್ರೆ ಫಂಕ್ಷನ್ ಮಧ್ಯದಲ್ಲಿ "ಖಂಡಿತ, ಇಲ್ಲಿದೆ ನಿಮ್ಮ ಕೋಡ್" ಅಂತ ಮಾತಾಡೋಕೆ ಶುರು ಮಾಡತ್ತೆ. ಕಂಪ್ಲೀಷನ್‌ಗೆ ಬೇಕಾಗಿರೋದು ಕರ್ಸರ್‌ಗಿಂತ ಮುಂಚಿನ ಕೋಡು, ಆಮೇಲಿನ ಕೋಡು ಎರಡನ್ನೂ ನೋಡಿ ಮಧ್ಯ ತುಂಬೋ ತರಬೇತಿ, ಕ್ವೆನ್ ಕೋಡರ್‌ಗೆ ಅದಿದೆ. ಮಾಡೆಲ್ ಹೆಸರಿನ ಜೊತೆ ಬೇಸ್ ಅಂತ ಇರೋದನ್ನ ಆರಿಸ್ಕೊಂಡು ಕಂಟಿನ್ಯೂನ ಕಾನ್ಫಿಗ್ ಫೈಲ್‌ನಲ್ಲಿ ಅದಕ್ಕೆ ಆಟೋಕಂಪ್ಲೀಟ್ ರೋಲು, ಇನ್ನೊಂದಕ್ಕೆ ಚಾಟ್ ರೋಲು ಅಂತ ಬೇರೆ ಬೇರೆ ಬರೀರಿ. ಎಲ್ಲಾ ಆದ್ಮೇಲೆ ವೈಫೈ ಆಫ್ ಮಾಡಿ ಒಂದು ಪ್ರಶ್ನೆ ಕೇಳಿ, ಉತ್ತರ ಬಂದ್ರೆ ಮಾಡೆಲ್ಲು ನಿಮ್ಮ ಮೆಷಿನ್‌ನಲ್ಲೇ ಇದೆ ಅಂತ ಖಾತ್ರಿ. ಕಂಟಿನ್ಯೂದಲ್ಲಿ ಬಳಕೆಯ ಮಾಹಿತಿ ಕಳಿಸೋ ಟೆಲಿಮೆಟ್ರಿ ಅಂತ ಸೆಟ್ಟಿಂಗ್ ಇದೆ, ನಿಮ್ಮಂಥ ಆಫೀಸ್‌ನಲ್ಲಿ ಅದನ್ನೂ ಆಫ್ ಮಾಡ್ಕೊಳ್ಳಿ.

ಪ್ರಶ್ನೆ: ಏಜೆಂಟ್ ಮೋಡ್‌ನಲ್ಲಿ "ಬೇಡದ ಫೈಲ್ ಕ್ಲೀನ್ ಮಾಡು" ಅಂದೆ. ನಾನು ಎರಡು ವಾರದಿಂದ ಬರೀತಿದ್ದ ಒಂದು ಫೋಲ್ಡರ್ ಕೂಡ ಅಳಿಸಿಬಿಡ್ತು. ವಾಪಸ್ ತರೋಕೆ ಆಗತ್ತಾ? ತುಂಬಾ ಬೇಜಾರಾಗಿದೆ.

ಬೇಜಾರಾಗೋದು ಸಹಜ, ಎರಡು ವಾರದ ಕೆಲಸ ಅಂದ್ರೆ ಕಮ್ಮಿ ಏನಲ್ಲ. ಈಗ್ಲೇ ಆ ಫೋಲ್ಡರ್‌ನಲ್ಲಿ ಹೊಸದಾಗಿ ಏನೂ ಮಾಡ್ಬೇಡಿ, ಒಂದೊಂದಾಗಿ ನೋಡೋಣ. ಗಿಟ್‌ನಲ್ಲಿ ಯಾವತ್ತಾದ್ರೂ ಕಮಿಟ್ ಮಾಡಿದ್ರೆ (ಆಗಿನ ಸ್ಥಿತಿ ಉಳಿಸಿಟ್ಟಿದ್ರೆ) ಗಿಟ್ ರಿಸ್ಟೋರ್ ಅಂತ ಕೊಟ್ಟು ಫೋಲ್ಡರ್ ಹೆಸರು ಹಾಕಿ, ಸಾಮಾನ್ಯವಾಗಿ ಕೊನೇ ಕಮಿಟ್‌ನಲ್ಲಿದ್ದ ಹಾಗೆ ವಾಪಸ್ ಬರತ್ತೆ. ಕಮಿಟ್ ಮಾಡೇ ಇಲ್ಲ ಅಂದ್ರೆ ಚಾಟ್ ಪ್ಯಾನೆಲ್‌ನಲ್ಲೇ ಮೇಲಕ್ಕೆ ಹೋಗಿ, ನೀವು ಆ ಮಾತು ಹೇಳಿದ ಜಾಗದಲ್ಲಿ ಚೆಕ್‌ಪಾಯಿಂಟ್‌ಗೆ ವಾಪಸ್ ಹೋಗೋ ಬಟನ್ ಇದೆಯಾ ನೋಡಿ. ಆದ್ರೆ ಏಜೆಂಟ್ ಟರ್ಮಿನಲ್ ಕಮಾಂಡ್ ಓಡಿಸಿ ಅಳಿಸಿದ್ರೆ ಚೆಕ್‌ಪಾಯಿಂಟ್ ಕೈಕೊಡಬಹುದು. ಆಗ ಮೂರನೇ ದಾರಿ, ಇದು ತುಂಬಾ ಜನಕ್ಕೆ ಗೊತ್ತೇ ಇಲ್ಲ: 2022ರಿಂದ ವಿಎಸ್ ಕೋಡ್‌ನಲ್ಲಿ ಲೋಕಲ್ ಹಿಸ್ಟರಿ ಅಂತ ಇದೆ, ನೀವು ಆ ಎಡಿಟರ್‌ನಲ್ಲಿ ಫೈಲ್ ಸೇವ್ ಮಾಡಿದಾಗೆಲ್ಲ ಅದರದ್ದೊಂದು ಪ್ರತಿ ಬೇರೆ ಕಡೆ ಇಟ್ಕೊಂಡಿರತ್ತೆ. ಕಂಟ್ರೋಲ್ ಶಿಫ್ಟ್ ಪಿ ಒತ್ತಿ ಲೋಕಲ್ ಹಿಸ್ಟರಿ ಅಂತ ಟೈಪ್ ಮಾಡಿ, ಫೈಂಡ್ ಎಂಟ್ರಿ ಟು ರಿಸ್ಟೋರ್ ಅಂತ ಬರತ್ತೆ, ಅಲ್ಲಿ ಅಳಿಸಿ ಹೋದ ಫೈಲ್ ಹೆಸರು ಹುಡುಕಿ. ಒಂದೊಂದೇ ಫೈಲ್ ತರ್ಬೇಕು, ಬೇಸರದ ಕೆಲಸ, ಆದ್ರೆ ನೀವು ಎರಡು ವಾರದಿಂದ ಅದೇ ಎಡಿಟರ್‌ನಲ್ಲಿ ಬರೀತಿದ್ರಿ ಅಂದ್ರೆ ಹೆಚ್ಚಿನದು ಸಿಗೋ ಸಾಧ್ಯತೆ ಇದೆ.

ಇನ್ನು ಮುಂದಕ್ಕೆ ಹೇಳ್ತೀನಿ, ಇದು ಬೇರೆಯವರೂ ಓದ್ಲಿ. ಬೂದು ಅಕ್ಷರದ ಸಲಹೆ ತಪ್ಪಾದ್ರೆ ಒಂದು ಸಾಲು ತಪ್ಪು, ಅಳಿಸಿದ್ರಾಯ್ತು. ಏಜೆಂಟ್ ಹಾಗಲ್ಲ, ಅದು ಫೈಲ್ ಬರೆಯತ್ತೆ, ಕಮಾಂಡ್ ಓಡಿಸತ್ತೆ, ಎರರ್ ಬಂದ್ರೆ ತಾನೇ ಓದಿ ಇನ್ನೊಂದು ಕಮಾಂಡ್ ಓಡಿಸತ್ತೆ. 2025ರ ಜುಲೈನಲ್ಲಿ ಒಂದು ಆನ್‌ಲೈನ್ ಕೋಡಿಂಗ್ ಸೇವೆಯ ಏಜೆಂಟು, ಏನೂ ಬದಲಾಯಿಸ್ಬೇಡ ಅಂತ ಬಳಕೆದಾರರು ಸ್ಪಷ್ಟವಾಗಿ ಹೇಳಿದ್ರೂ ಅವರ ಪ್ರೊಡಕ್ಷನ್ ಡೇಟಾಬೇಸನ್ನೇ, ಅಂದ್ರೆ ನಿಜವಾದ ಬಳಕೆಯಲ್ಲಿದ್ದ ಡೇಟಾಬೇಸನ್ನೇ, ಅಳಿಸಿ ಹಾಕಿದ್ದು ದೊಡ್ಡ ಸುದ್ದಿ ಆಯ್ತು. ಅಂದ್ರೆ ಬಾಯಲ್ಲಿ ಹೇಳಿದ "ಬೇಡ"ಕ್ಕೆ ಬೀಗದಷ್ಟು ಬಲ ಇಲ್ಲ. ಸೂಚನೆ ಫೈಲ್‌ನಲ್ಲಿ ಮುಟ್ಬೇಡ ಅಂತ ಬರೆಯೋದೂ ಅಷ್ಟೆ, ಅದು ಕೋರಿಕೆ. ನಿಜವಾಗ್ಲೂ ಮುಟ್ಟಬಾರದ್ದು ಇದ್ರೆ ಅದು ಕೈಗೇ ಸಿಗದ ಹಾಗೆ ಮಾಡ್ಬೇಕು, ಪ್ರೊಡಕ್ಷನ್ ಡೇಟಾಬೇಸ್‌ನ ಪಾಸ್‌ವರ್ಡ್ ನಿಮ್ಮ ಡೆವಲಪ್‌ಮೆಂಟ್ ಮೆಷಿನ್‌ನಲ್ಲಿ ಇರಲೇಬಾರದು.

ಏಜೆಂಟ್‌ಗೆ ಕೆಲಸ ಹೇಳೋ ಮುಂಚೆ ಗಿಟ್ ಸ್ಟೇಟಸ್ ನೋಡಿ, ಹೊಸ ಫೈಲ್‌ಗಳನ್ನೂ ಸೇರಿಸಿ ಕಮಿಟ್ ಮಾಡಿ, ಬೇರೆ ಬ್ರಾಂಚ್‌ಗೆ ಹೋಗಿ. ಹೊಸ ಫೈಲ್ ಅಂತ ಒತ್ತಿ ಹೇಳ್ತಿರೋದು ಯಾಕಂದ್ರೆ ಗಿಟ್‌ಗೆ ಸೇರಿಸದ ಫೈಲ್ ಅಳಿಸಿ ಹೋದ್ರೆ ಗಿಟ್‌ಗೆ ಅದು ಇತ್ತು ಅಂತಾನೇ ಗೊತ್ತಿರಲ್ಲ. ಟರ್ಮಿನಲ್ ಕಮಾಂಡ್ ಓಡಿಸೋ ಮುಂಚೆ ಅದು ನಿಮ್ಮ ಅನುಮತಿ ಕೇಳತ್ತೆ, ಪದೇ ಪದೇ ಕೇಳೋದು ಕಿರಿಕಿರಿ ಅಂತ ಎಲ್ಲಕ್ಕೂ ತಾನಾಗೇ ಒಪ್ಪಿಗೆ ಕೊಡೋ ಸೆಟ್ಟಿಂಗ್ ಆನ್ ಮಾಡ್ತಾರೆ ಕೆಲವರು, ದಯವಿಟ್ಟು ಮಾಡ್ಬೇಡಿ. ಗಿಟ್ ಸ್ಟೇಟಸ್ಸು, ಗಿಟ್ ಡಿಫ್ಫು, ಟೆಸ್ಟ್ ಓಡಿಸೋದು ಇಂಥ ಅಪಾಯ ಕಮ್ಮಿ ಇರೋ ಕಮಾಂಡ್‌ಗಳಿಗೆ ಮಾತ್ರ ಮುಂಚಿತ ಒಪ್ಪಿಗೆ ಕೊಡಿ, ಅಳಿಸೋದು, ಇನ್‌ಸ್ಟಾಲ್ ಮಾಡೋದು, ಪುಶ್ ಮಾಡೋದು ಯಾವಾಗ್ಲೂ ಕೇಳ್ಲಿ. ಇನ್ನೊಂದು ಕಾರಣಾನೂ ಇದೆ. ಏಜೆಂಟು ಓದೋ ವೆಬ್ ಪುಟದಲ್ಲೋ, ಯಾರೋ ಕೊಟ್ಟ ಕೋಡ್‌ನ ಕಾಮೆಂಟ್‌ನಲ್ಲೋ ಅದಕ್ಕೆ ಅಂತಾನೇ ಕೆಟ್ಟ ಸೂಚನೆ ಬಚ್ಚಿಟ್ಟಿರಬಹುದು, ಅದು ಯಾರ ಮಾತು ಅಂತ ಬೇರೆ ಮಾಡಿ ನೋಡೋದ್ರಲ್ಲಿ ಮಾಡೆಲ್‌ಗಳು ಇನ್ನೂ ಎಡವ್ತಾವೆ. ಕೋಪೈಲಟ್‌ನಲ್ಲೇ ಇಂಥ ಸೂಚನೆಯಿಂದ ಸೆಟ್ಟಿಂಗ್ಸ್ ಫೈಲ್ ತಿದ್ದಿಸಿ ತಾನಾಗೇ ಒಪ್ಪಿಗೆ ಆನ್ ಮಾಡಿಸೋ ದೋಷ ಇತ್ತು, 2025ರ ಆಗಸ್ಟ್‌ನಲ್ಲಿ ಸರಿಪಡಿಸಿದ್ರು. ಎಡಿಟರ್ ಅಪ್‌ಡೇಟ್ ಬಂದಾಗ ನಾಳೆ ಮಾಡೋಣ ಅಂತ ಮುಂದಕ್ಕೆ ಹಾಕ್ಬೇಡಿ.

ಪ್ರಶ್ನೆ: ನನ್ನ ಎಪಿಐ ಕೀ (ಆನ್‌ಲೈನ್ ಸೇವೆ ಬಳಸೋಕೆ ಕೊಡೋ ಗುಟ್ಟಿನ ಸಂಕೇತ) ಎಲ್ಲಿಡ್ಬೇಕು? ಕೋಡ್‌ನಲ್ಲೇ ಬರೆದು ಗಿಟ್‌ಹಬ್‌ಗೆ ಹಾಕಿಬಿಟ್ಟಿದೀನಿ, ಆಮೇಲೆ ಅಳಿಸಿ ಇನ್ನೊಂದು ಕಮಿಟ್ ಮಾಡ್ದೆ. ಸಾಕಲ್ವಾ?

ಸಾಲಲ್ಲ. ಹಳೇ ಕಮಿಟ್‌ನಲ್ಲಿ ಅದು ಹಾಗೇ ಇರತ್ತೆ, ಹಿಸ್ಟರಿ ತೆಗೆದು ನೋಡಿದವರಿಗೆಲ್ಲ ಕಾಣತ್ತೆ, ಪಬ್ಲಿಕ್ ರೆಪೊಗಳಲ್ಲಿ ಕೀ ಹುಡುಕೋಕೆ ಅಂತಾನೇ ಬಾಟ್‌ಗಳು ಓಡಾಡ್ತಿರ್ತಾವೆ. ಈ ಪುಟ ಪಕ್ಕಕ್ಕಿಟ್ಟು ಮೊದಲು ಆ ಸೇವೆಯ ಡ್ಯಾಶ್‌ಬೋರ್ಡ್‌ಗೆ ಹೋಗಿ ಆ ಕೀ ರದ್ದು ಮಾಡಿ, ಹೊಸದು ತಗೊಳ್ಳಿ, ಖರ್ಚಿಗೆ ತಿಂಗಳ ಮಿತಿ ಹಾಕೋ ಅವಕಾಶ ಇದ್ರೆ ಹಾಕಿ. ಹೊಸ ಕೀನ ಎಕ್ಸ್‌ಟೆನ್ಶನ್ ತಾನೇ ಕೇಳಿದ್ರೆ ಅಲ್ಲೇ ಕೊಡಿ, ಇಲ್ಲಾಂದ್ರೆ ಡಾಟ್ ಇಎನ್‌ವಿ ಫೈಲ್‌ನಲ್ಲಿಟ್ಟು ಆ ಫೈಲ್ ಹೆಸರನ್ನ ಡಾಟ್ ಗಿಟ್‌ಇಗ್ನೋರ್‌ಗೆ ಸೇರಿಸಿ. ಗಿಟ್‌ಇಗ್ನೋರ್‌ನಲ್ಲಿದೆ ಅಂದ ಮಾತ್ರಕ್ಕೆ ಎಐ ಓದಲ್ಲ ಅಂತಲ್ಲ, ಆ ಫೈಲ್ ತೆರೆದಿಟ್ಟುಕೊಂಡು ಕೂತ್ರೆ ಎಐಗೆ ಕಳಿಸೋ ಕೋಡ್ ಜೊತೆ ಅದೂ ಹೋಗ್ಬಹುದು, ಏಜೆಂಟ್‌ಗಂತೂ ಡಿಸ್ಕ್‌ನಲ್ಲಿರೋ ಫೈಲ್ ಓದೋದು ಸುಲಭ. ಟೂಲ್‌ನಲ್ಲಿ ಇಂಥ ಫೈಲ್ ಹೊರಗಿಡೋ ಸೆಟ್ಟಿಂಗ್ ಇದ್ರೆ ಬಳಸಿ, ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ಪರೀಕ್ಷೆಗೆ ಇರೋ, ಹೆಚ್ಚು ಅಧಿಕಾರ ಇಲ್ಲದ ಕೀ ಮಾತ್ರ ಇಡಿ. ಹಾಗೇ ನಿಮ್ಮ ಅಕೌಂಟ್‌ನ ಪ್ರೈವೆಸಿ ಪುಟದಲ್ಲಿ ನಿಮ್ಮ ಕೋಡ್‌ನ ಮಾಡೆಲ್ ತರಬೇತಿಗೆ ಬಳಸ್ಬಹುದಾ ಅನ್ನೋ ಸ್ವಿಚ್ ಹೇಗಿದೆ ಅಂತ ನೋಡಿ.

ಪ್ರಶ್ನೆ: ನನ್ನ ಮಗ ಪ್ರೋಗ್ರಾಮಿಂಗ್ ಕಲೀತಿದಾನೆ, ಎಲ್ಲದಕ್ಕೂ ಟ್ಯಾಬ್ ಒತ್ತುತಾನೆ. ಬೇಗ ಮುಗಿಯತ್ತಲ್ಲ ಅಂತಾನೆ. ತೆಗೆಸಿಬಿಡ್ಲಾ?

ಪೂರ್ತಿ ತೆಗೆಸ್ಬೇಡಿ, ಕಂಪ್ಲೀಷನ್ ಆಫ್ ಮಾಡಿಸಿ, ಚಾಟ್ ಇರ್ಲಿ. ಸ್ಟೇಟಸ್ ಬಾರ್‌ನ ಕೋಪೈಲಟ್ ಐಕಾನ್ ಒತ್ತಿದ್ರೆ ಭಾಷೆವಾರು ಆಫ್ ಮಾಡ್ಬಹುದು, ಅಂದ್ರೆ ಅವನು ಕಲೀತಿರೋ ಭಾಷೆಗೆ ಮಾತ್ರ. ಮೊದಲು ತಾನೇ ಬರೀಲಿ, ತಪ್ಪಾಗ್ಲಿ, ಎರರ್ ಓದ್ಲಿ, ಒಂದಷ್ಟು ಹೊತ್ತು ಒದ್ದಾಡ್ಲಿ, ಆಮೇಲೆ ಚಾಟ್‌ನಲ್ಲಿ "ಉತ್ತರ ಕೊಡ್ಬೇಡ, ನಾನು ಎಲ್ಲಿ ತಪ್ಪು ಯೋಚಿಸ್ತಿದೀನಿ ಹೇಳು" ಅಂತ ಕೇಳ್ಲಿ. ಲೂಪ್ ಯಾಕೆ ಒಂದು ಸಲ ಜಾಸ್ತಿ ಓಡ್ತು ಅಂತ ತಾನೇ ಕಂಡುಹಿಡಿದವನಿಗೆ ಅದು ಮರೆಯಲ್ಲ, ಟ್ಯಾಬ್ ಒತ್ತಿ ಸರಿಯಾದವನಿಗೆ ಅಲ್ಲೊಂದು ಪ್ರಶ್ನೆ ಇತ್ತು ಅನ್ನೋದೇ ಗೊತ್ತಾಗಲ್ಲ.

ಬೇಗ ಮುಗಿಯತ್ತೆ ಅನ್ನೋ ಮಾತಿಗೆ ಎರಡು ಪ್ರಯೋಗ ಹೇಳ್ತೀನಿ. ಗಿಟ್‌ಹಬ್‌ನವರೂ ಸೇರಿ ನಡೆಸಿದ ಒಂದು ಪ್ರಯೋಗದಲ್ಲಿ ಜಾವಾಸ್ಕ್ರಿಪ್ಟ್‌ನಲ್ಲಿ ಒಂದು ಎಚ್‌ಟಿಟಿಪಿ ಸರ್ವರ್ ಬರೆಯೋ ಕೆಲಸವನ್ನ ಕೋಪೈಲಟ್ ಇದ್ದವರು ಶೇ 55.8 ಬೇಗ ಮುಗಿಸಿದ್ರು. 2025ರಲ್ಲಿ ಮೀಟರ್ ಅನ್ನೋ ಸಂಶೋಧನಾ ಸಂಸ್ಥೆ 16 ಜನ ಅನುಭವಿ ಓಪನ್ ಸೋರ್ಸ್ ಡೆವಲಪರ್‌ಗಳಿಗೆ ಅವರದ್ದೇ ಪ್ರಾಜೆಕ್ಟ್‌ನ 246 ಕೆಲಸ ಕೊಟ್ಟು ನೋಡಿದಾಗ ಎಐ ಬಳಸಿದಾಗ ಶೇ 19 ಹೆಚ್ಚು ಸಮಯ ಹಿಡೀತು, ಅವರಿಗೆ ಮಾತ್ರ ತಾವು ಶೇ 20 ಬೇಗ ಮಾಡಿದ್ವಿ ಅಂತ ಅನ್ನಿಸಿತ್ತು. ಮೊದಲನೇದು ಹೊಸದಾಗಿ ಶುರು ಮಾಡೋ ಸಣ್ಣ ಕೆಲಸ, ಎರಡನೇದು ಚೆನ್ನಾಗಿ ಗೊತ್ತಿರೋ ದೊಡ್ಡ ಕೋಡು, ಎರಡೂ ಅವರವರ ಜಾಗದಲ್ಲಿ ಸರಿ ಇರಬಹುದು. ಟೂಲ್‌ಗಳೂ ಆಮೇಲೆ ಬದಲಾಗಿವೆ. ನನಗೆ ಮುಖ್ಯ ಅನ್ನಿಸೋದು ಆ ಅನ್ನಿಸಿದ್ದಕ್ಕೂ ನಡೆದಿದ್ದಕ್ಕೂ ಇರೋ ಅಂತರ, ಅಷ್ಟು ಅನುಭವ ಇರೋರಿಗೇ ಹಾಗಾದ್ರೆ ಕಲಿಯೋ ಹುಡುಗನಿಗೆ ತಾನು ಕಲಿತಿದೀನಾ ಇಲ್ವಾ ಅಂತ ತಿಳಿಯೋದು ಇನ್ನೂ ಕಷ್ಟ. ವಾರಕ್ಕೊಂದು ಸಲ ಎಐ ಪೂರ್ತಿ ಆಫ್ ಮಾಡಿ ಖಾಲಿ ಫೈಲ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆಯೋಕೆ ಹೇಳಿ, ಎಲ್ಲಿದಾನೆ ಅಂತ ಅವನಿಗೇ ಕಾಣತ್ತೆ.

ಪ್ರಶ್ನೆ: ಚಾಟ್‌ನಲ್ಲಿ ಕನ್ನಡದಲ್ಲೇ ಕೇಳ್ಬಹುದಾ?

ಧಾರಾಳವಾಗಿ ಕೇಳಿ. ದೊಡ್ಡ ಮಾಡೆಲ್‌ಗಳಿಗೆ ಕನ್ನಡ ಚೆನ್ನಾಗೇ ಅರ್ಥ ಆಗತ್ತೆ, ಏನು ಬೇಕು ಅಂತ ಕನ್ನಡದಲ್ಲಿ ಬಿಡಿಸಿ ಹೇಳೋಕೆ ಬರೋರು ಅರೆಬರೆ ಇಂಗ್ಲಿಷ್‌ನಲ್ಲಿ ಎರಡು ಪದ ಬರೆಯೋದಕ್ಕಿಂತ ಇದು ಎಷ್ಟೋ ಮೇಲು. ಫಂಕ್ಷನ್ ಹೆಸರು, ಎರರ್ ಮೆಸೇಜು ಮಾತ್ರ ಇದ್ದ ಹಾಗೇ ಅಂಟಿಸಿ, ಅನುವಾದ ಮಾಡ್ಬೇಡಿ. ಕನ್ನಡ ಅಕ್ಷರಕ್ಕೆ ಟೋಕನ್ (ಮಾಡೆಲ್ಲು ಬರಹವನ್ನ ಒಡೆದು ಎಣಿಸೋ ಚೂರು) ಜಾಸ್ತಿ ಹಿಡಿಯತ್ತೆ, ಬಳಸಿದಷ್ಟಕ್ಕೆ ದುಡ್ಡು ಕೊಡೋ ಎಪಿಐ ಆದ್ರೆ ಅದೊಂದು ಗಮನ ಇರ್ಲಿ. ಲೋಕಲ್‌ನಲ್ಲಿ ಓಡೋ ಸಣ್ಣ ಮಾಡೆಲ್‌ಗಳಿಗೆ ಕನ್ನಡ ಅಷ್ಟಾಗಿ ಬರಲ್ಲ, ಅಲ್ಲಿ ಸರಳ ಇಂಗ್ಲಿಷೇ ವಾಸಿ.

ಪ್ರಶ್ನೆ: ಎಲ್ಲಾ ಸರಿಯಾಗಿ ಹಾಕಿದೀನಿ, ಸೈನ್ ಇನ್ ಆಗಿದೀನಿ, ಬೂದು ಅಕ್ಷರ ಬರ್ತಾನೇ ಇಲ್ಲ. ಏನು ಮಾಡ್ಲಿ?

ಸ್ಟೇಟಸ್ ಬಾರ್‌ನಲ್ಲಿರೋ ಐಕಾನ್ ಮೇಲೆ ಅಡ್ಡಗೆರೆ ಇದ್ರೆ ಆ ಭಾಷೆಗೆ ಆಫ್ ಆಗಿದೆ ಅಂತ, ಒತ್ತಿ ಆನ್ ಮಾಡಿ. ಅದು ಸರಿ ಇದ್ರೆ ಸೆಟ್ಟಿಂಗ್ಸ್‌ನಲ್ಲಿ ಇನ್‌ಲೈನ್ ಸಜೆಸ್ಟ್ ಅಂತ ಹುಡುಕಿ ಟಿಕ್ ಇದೆಯಾ ನೋಡಿ. ಫೈಲ್ ಸೇವ್ ಮಾಡಿ ಅದರ ಹೆಸರಿನ ಕೊನೆಗೆ ಸರಿಯಾದ ಎಕ್ಸ್‌ಟೆನ್ಶನ್ (ಡಾಟ್ ಪಿವೈ ಥರ) ಕೊಟ್ಟಿದೀರಾ ಅಂತಾನೂ ನೋಡಿ, ಪ್ಲೇನ್ ಟೆಕ್ಸ್ಟ್ ಅಂತ ಕೆಳಗೆ ತೋರಿಸ್ತಿದ್ರೆ ಸಲಹೆ ಬರದೇ ಇರಬಹುದು. ತಿಂಗಳ ಕೋಟಾ ಮುಗಿದಿದ್ರೂ ಹೀಗೇ ಆಗತ್ತೆ, ಅದು ಅದೇ ಐಕಾನ್ ಒತ್ತಿದಾಗ ಕಾಣತ್ತೆ. ಮನೇಲಿ ಬಂದು ಆಫೀಸಲ್ಲಿ ಬರಲ್ಲ ಅಂದ್ರೆ ಹೆಚ್ಚಾಗಿ ಪ್ರಾಕ್ಸಿ ಅಥವಾ ಫೈರ್‌ವಾಲ್ ಕಾಟ, ವ್ಯೂ ಮೆನುವಿನಲ್ಲಿ ಔಟ್‌ಪುಟ್ ತೆಗೆದು ಪಕ್ಕದ ಪಟ್ಟಿಯಿಂದ ಕೋಪೈಲಟ್ ಆರಿಸಿ, ಅಲ್ಲಿ ಬಂದಿರೋ ಎರರ್ ಸಾಲನ್ನ ನಿಮ್ಮ ನೆಟ್‌ವರ್ಕ್ ನೋಡ್ಕೊಳ್ಳೋರಿಗೆ ಕಳಿಸಿ, ಅವರಿಗೆ ಬೇಕಾಗಿರೋ ವಿಳಾಸ ಅದರಲ್ಲೇ ಇರತ್ತೆ.